ಬಾಣ ನಾಟಿದ ಮೈ, ಶಾಂತವಾದ ಮುಖ

(ಜನವರಿ 20: ಸಂತ ಸೆಬಾಸ್ಟಿಯನ್ನರ ಹಬ್ಬದ ಚಿಂತನೆ)



ಕಳೆದ ವರ್ಷ ಹಬ್ಬಕ್ಕೆ ಮುಂಚೆ ಮನೆಗಳ ಆಶೀರ್ವಾದಕ್ಕೆಂದು ಅಂತರಸಂತೆಯ ಕಡೆಗೆ ಹೋಗಿದ್ದೆ. ಮೈಸೂರಿನಿಂದ ಎಚ್.ಡಿ. ಕೋಟೆ ದಾಟಿ ಮಾನಂದವಾಡಿಯ ಕಡೆಗೆ ಹೋಗುವ ರಸ್ತೆಯ ಊರು ಅದು. ಕಾಡೂ ಹತ್ತಿರ, ಕೇರಳವೂ ಹತ್ತಿರ. ಆದ್ದರಿಂದ ಆ ಭಾಗದ ನಮ್ಮ ಕುಟುಂಬಗಳ ಗೋಡೆಯ ಮೇಲೆ ಎರಡೂ ಕಡೆಯ ಭಕ್ತಿಯನ್ನು ಒಟ್ಟಿಗೆ ಕಾಣಬಹುದು. ನಡುವೆ ಯೇಸುವಿನ ಪವಿತ್ರ ಹೃದಯದ ಪಟ. ಒಂದು ಪಕ್ಕಕ್ಕೆ ದೋರನಹಳ್ಳಿಯಿಂದ ತಂದ ಸಂತ ಅಂತೋಣಿಯವರು. ಇನ್ನೊಂದು ಪಕ್ಕಕ್ಕೆ ವಯನಾಡಿನ ನೆಂಟರು ಕೊಟ್ಟ ಸಂತ ಸೆಬಾಸ್ಟಿಯನ್ನರು.

ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ತೀರ್ಥ ಚಿಮುಕಿಸಿ ಹೊರಡುವಾಗ ಆ ಮನೆಯ ತಾಯಿ ನನ್ನನ್ನು ನಿಲ್ಲಿಸಿದರು. ಅವರ ಗಂಡ ರಾಗಿ ಹೊಲದ ಕಾವಲಿಗೆ ಹೋಗಿದ್ದಾಗ ಆನೆಗೆ ಸಿಕ್ಕಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಗೋಡೆಯ ಮೇಲಿನ ಸೆಬಾಸ್ಟಿಯನ್ನರ ಪಟವನ್ನು ತೋರಿಸಿ ಕೇಳಿದರು: “ಸ್ವಾಮಿ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಬೇಡಿ. ಈ ಸಂತರ ಮೈ ತುಂಬಾ ಬಾಣ ನಾಟವೆ. ಮುಖ ನೋಡುದ್ರೆ ನೋವೇ ಇಲ್ದಂಗವ್ರೆ. ನಾನು ಎರಡು ವರ್ಸದಿಂದ ಅತ್ಕಂಡೇ ಇವ್ನಿ. ನಂಗೆ ವಿಶ್ವಾಸ ಕಮ್ಮಿ ಅಂತಾನಾ?”

ನಾನು “ಸಂತರಿಗೆ ದೇವರು ಶಕ್ತಿ ಕೊಟ್ಟಿದ್ದರಮ್ಮ, ನೀವೂ ಪ್ರಾರ್ಥನೆ ಮಾಡಿ, ನಿಮಗೂ ಕೊಡ್ತಾರೆ” ಎಂದು ಹೇಳಿ ಬಂದುಬಿಟ್ಟೆ. ಗುರುಗಳಾದ ನಮ್ಮ ಬಾಯಲ್ಲಿ ಇಂಥ ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಆದರೆ ಮೋಟಾರ್ ಸೈಕಲ್ಲಿನಲ್ಲಿ ಹಿಂತಿರುಗುವಾಗ ಆ ಉತ್ತರ ನನಗೇ ಸರಿ ಕಾಣಲಿಲ್ಲ. ಆ ತಾಯಿ ಕೇಳಿದ್ದು ಶಕ್ತಿಯನ್ನಲ್ಲ. ಅಳುವವರಿಗೆ ವಿಶ್ವಾಸವಿಲ್ಲವೇ ಎಂದು ಅವರು ಕೇಳಿದ್ದರು. ಆ ಪಟ ಅವರಿಗೆ ಸಮಾಧಾನ ಕೊಡುವ ಬದಲು ಅವರನ್ನು ದೂರುತ್ತಿತ್ತು. ಹಾಗಾದರೆ ಸೆಬಾಸ್ಟಿಯನ್ನರ ಮುಖ ಹಾಗೆ ಶಾಂತವಾಗಿ ಕಾಣುವುದೇಕೆ? ಅದನ್ನು ಹಾಗೆ ಬರೆದವರು ಯಾರು, ಯಾಕೆ ಬರೆದರು? ಈ ಲೇಖನ ಆ ತಾಯಿಗೆ ನಾನು ಬಾಕಿ ಉಳಿಸಿಕೊಂಡ ಉತ್ತರ.

ಮೊದಲ ಚಿತ್ರಗಳಲ್ಲಿ ಬಾಣವೇ ಇಲ್ಲ

ಸಂತ ಸೆಬಾಸ್ಟಿಯನ್ನರು ಮೂರನೇ ಶತಮಾನದ ಕೊನೆಯ ಭಾಗದಲ್ಲಿ ರೋಮಿನಲ್ಲಿ ಕ್ರಿಸ್ತನಿಗಾಗಿ ಪ್ರಾಣ ತೆತ್ತವರು. 354ರ ರೋಮಿನ ದಿನದರ್ಶಿಯಲ್ಲಿ ಜನವರಿ 20ರಂದು ಅವರ ಹೆಸರೂ ಸಮಾಧಿಯ ಸ್ಥಳವೂ ದಾಖಲಾಗಿವೆ. ಅವರು ಮಿಲಾನ್ ಪಟ್ಟಣದವರೆಂದು ಸಂತ ಅಂಬ್ರೋಸರು ತಮ್ಮ ಪ್ರಬೋಧನೆಯಲ್ಲಿ ಹೇಳಿದ್ದಾರೆ. ನಾವು ಕೇಳಿ ಬೆಳೆದಿರುವ ವಿವರವಾದ ಕಥೆ ಐದನೇ ಶತಮಾನದಲ್ಲಿ ಬರೆಯಲ್ಪಟ್ಟದ್ದು. ಅದರ ಪ್ರಕಾರ ಅವರು ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾವಲು ಪಡೆಯ ಅಧಿಕಾರಿ. ಸೆರೆಯಲ್ಲಿದ್ದ ಕ್ರೈಸ್ತರಿಗೆ ಗುಟ್ಟಾಗಿ ಧೈರ್ಯ ತುಂಬುತ್ತಿದ್ದರು. ಸಂಗತಿ ಬಯಲಾದಾಗ ಚಕ್ರವರ್ತಿ ಅವರನ್ನು ಕಟ್ಟಿಹಾಕಿಸಿ ಬಿಲ್ಲುಗಾರರಿಂದ ಬಾಣ ಬಿಡಿಸಿದ.

ನಾವು ‘ರಕ್ತಸಾಕ್ಷಿ’ ಎನ್ನುತ್ತೇವೆ. ಗ್ರೀಕ್ ಭಾಷೆಯ ‘ಮಾರ್ತುಸ್’ ಎಂಬ ಪದಕ್ಕೂ ಸಾಕ್ಷಿ ಎಂದೇ ಅರ್ಥ. ಆದಿ ಕ್ರೈಸ್ತರು ಸತ್ತ ರೀತಿಗಿಂತ ನುಡಿದ ಸಾಕ್ಷ್ಯವನ್ನು ದೊಡ್ಡದಾಗಿ ಕಂಡರು. ಆದ್ದರಿಂದಲೇ ಸೆಬಾಸ್ಟಿಯನ್ನರ ಹಳೆಯ ಚಿತ್ರಗಳಲ್ಲಿ ಬಾಣವಿಲ್ಲ. ಇಟಲಿಯ ರವೆನ್ನಾ ಪಟ್ಟಣದ ದೇವಾಲಯದಲ್ಲಿ ಆರನೇ ಶತಮಾನದ ಬಣ್ಣದ ಹರಳುಗಳ ಗೋಡೆಚಿತ್ರವೊಂದಿದೆ. ಅದರಲ್ಲಿ ರಕ್ತಸಾಕ್ಷಿಗಳು ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ಕಿರೀಟ ಹಿಡಿದು, ಮೆರವಣಿಗೆಯಲ್ಲಿ ಕ್ರಿಸ್ತನ ಕಡೆಗೆ ಸಾಗುತ್ತಾರೆ. ಸೆಬಾಸ್ಟಿಯನ್ನರೂ ಅವರಲ್ಲೊಬ್ಬರು. ರೋಮಿನ ‘ಸಂಕೋಲೆಗಳ ಸಂತ ಪೇತ್ರ’ ದೇವಾಲಯದಲ್ಲಿ ಏಳನೇ ಶತಮಾನದ ಇನ್ನೊಂದು ಚಿತ್ರವಿದೆ. ಅದರಲ್ಲಿ ಅವರು ಗಡ್ಡ ಬಿಟ್ಟ ವಯಸ್ಸಾದ ವ್ಯಕ್ತಿ. ಮೈ ತುಂಬ ಬಟ್ಟೆ, ಕೈಯಲ್ಲಿ ಕಿರೀಟ. ನಮ್ಮ ಪಟದ ಎಳೆಯ ಯೋಧನಿಗೂ ಅವರಿಗೂ ಹೋಲಿಕೆಯೇ ಇಲ್ಲ.

ಬಾಣ ಬಂದದ್ದು ಪಿಡುಗಿನೊಂದಿಗೆ

ಹಾಗಾದರೆ ಬಾಣಗಳು ಚಿತ್ರದ ತುಂಬ ತುಂಬಿಕೊಂಡದ್ದು ಯಾವಾಗ? ಇದಕ್ಕೆ ಪ್ಲೇಗು ಮುಖ್ಯ ಕಾರಣ.

ಹಿಂದಿನವರು ಸಾಂಕ್ರಾಮಿಕ ರೋಗವನ್ನು ಆಕಾಶದಿಂದ ಬರುವ ಬಾಣ ಎಂದು ಭಾವಿಸುತ್ತಿದ್ದರು. ಎಲ್ಲಿಂದ ಬಂತೆಂದು ಕಾಣದು, ಯಾರಿಗೆ ನಾಟುವುದೆಂದು ತಿಳಿಯದು. 91ನೇ ಕೀರ್ತನೆಯಲ್ಲಿ ಹಗಲಿನಲ್ಲಿ ಹಾರುವ ಬಾಣವೂ ಕತ್ತಲಲ್ಲಿ ಸುಳಿಯುವ ಸೋಂಕೂ ಒಟ್ಟೊಟ್ಟಿಗೇ ಬರುವುದನ್ನು ನೀವು ಓದಿರುತ್ತೀರಿ. ಬಾಣಗಳ ನಡುವೆ ನಿಂತೂ ಬದುಕುಳಿದ ಸಂತನಿಗಿಂತ ಒಳ್ಳೆಯ ಆಸರೆ ಯಾರು ಎಂದು ಜನ ಯೋಚಿಸಿದರು. ಇಟಲಿಯ ಪಾವಿಯಾ ಪಟ್ಟಣದಲ್ಲಿ 680ರಲ್ಲಿ ಹಬ್ಬಿದ ಪಿಡುಗು, ಅಲ್ಲಿ ಸೆಬಾಸ್ಟಿಯನ್ನರ ಹೆಸರಿನಲ್ಲಿ ಬಲಿಪೀಠ ಸ್ಥಾಪಿಸಿದ ಮೇಲೆ ನಿಂತಿತೆಂದು ಎಂಟನೇ ಶತಮಾನದ ಇತಿಹಾಸಕಾರ ಪೌಲ್ ಎಂಬ ಉಪಯಾಜಕರು ಬರೆದಿಟ್ಟಿದ್ದಾರೆ. ಮುಂದೆ 1347ರಲ್ಲಿ ಯೂರೋಪಿಗೆ ಮಹಾಮಾರಿ ಪ್ಲೇಗು ಬಂದು ಕೆಲವೇ ವರ್ಷಗಳಲ್ಲಿ ಅಲ್ಲಿನ ಜನರಲ್ಲಿ ಮೂರರಲ್ಲಿ ಒಂದು ಪಾಲನ್ನಾದರೂ ಕೊಂಡೊಯ್ದಿತು. ಆನಂತರ ಸುಮಾರು ಮುನ್ನೂರು ವರ್ಷ ಅದು ಮತ್ತೆ ಮತ್ತೆ ಮರಳಿ ಬರುತ್ತಲೇ ಇತ್ತು. ಆ ಮುನ್ನೂರು ವರ್ಷಗಳಲ್ಲಿ ಸೆಬಾಸ್ಟಿಯನ್ನರ ಚಿತ್ರವಿಲ್ಲದ ಪಟ್ಟಣ ಸಿಗುವುದೇ ಅಪರೂಪವಾಯಿತು.

ಇದು ನಮಗೆ ದೂರದ ಸಂಗತಿಯಲ್ಲ. 1898ರಲ್ಲಿ ಬೆಂಗಳೂರು ಮೈಸೂರುಗಳಿಗೆ ಪ್ಲೇಗು ಬಂದಾಗ ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡು ಬದುಕಿದರು. ಅಜ್ಜ ಅಜ್ಜಿಯರು ಅದನ್ನು ಕಥೆಯಾಗಿ ಹೇಳಿದ್ದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. 2020ರಲ್ಲಿ ಕೊರೊನಾ ಬಂದಾಗ ನಾವೇ ಬಾಗಿಲು ಹಾಕಿ ಕುಳಿತೆವು. ನಮ್ಮ ಗಡಿಯಾಚೆಯ ಕೇರಳದಲ್ಲಿ ಇಂದಿಗೂ ಸೆಬಾಸ್ಟಿಯನ್ನರ ಹಬ್ಬಕ್ಕೆ ‘ಅಂಬು ಪೆರುನ್ನಾಳ್’, ಅಂದರೆ ಬಾಣದ ಹಬ್ಬ ಎಂಬ ಹೆಸರಿದೆ. ಪುಟ್ಟ ಬಾಣವನ್ನು ಮನೆಮನೆಗೆ ಕೊಂಡೊಯ್ದು ಪ್ರಾರ್ಥಿಸುತ್ತಾರೆ. ಕೊಲ್ಲಲು ಬಂದ ಆಯುಧ ಆಶೀರ್ವಾದದ ಗುರುತಾಗಿ ಮನೆಯೊಳಗೆ ಬರುತ್ತದೆ.

ಚಿತ್ರಕಾರರು ಮಾಡಿದ್ದೇನು?

ನಮ್ಮ ಗೋಡೆಯ ಮೇಲಿನ ಸೆಬಾಸ್ಟಿಯನ್ನರ ಮುಖ ರೂಪುಗೊಂಡದ್ದು ಹದಿನೈದು, ಹದಿನಾರನೇ ಶತಮಾನದ ಇಟಲಿಯಲ್ಲಿ. ಶಾಲೆಯ ಪುಸ್ತಕದಲ್ಲಿ ಮಕ್ಕಳು ‘ಪುನರುಜ್ಜೀವನ ಕಾಲ’ ಎಂದು ಓದುತ್ತಾರಲ್ಲ, ಅದೇ ಕಾಲ. ಚಿತ್ರಕಾರರು ಹಳೆಯ ಗ್ರೀಕ್ ಮತ್ತು ರೋಮನ್ ಶಿಲೆಗಳನ್ನು ನೋಡಿ ನೋಡಿ, ಮನುಷ್ಯನ ದೇಹವನ್ನು ಅಳತೆಗೆ ಸರಿಯಾಗಿ, ಜೀವ ತುಂಬಿ ಬರೆಯಲು ಕಲಿತರು. ಧರ್ಮಕೇಂದ್ರಗಳೂ, ಭಕ್ತರ ಸಂಘಗಳೂ, ಶ್ರೀಮಂತ ಮನೆತನಗಳೂ ಅವರಿಂದ ಬಲಿಪೀಠದ ಹಿಂದೆ ನಿಲ್ಲಿಸುವ ಚಿತ್ರಗಳನ್ನು ಬರೆಸಿದರು. ಎಷ್ಟೋ ಚಿತ್ರಗಳು ಪ್ಲೇಗಿನ ಹರಕೆಗಳು.

ಆಂದ್ರೆಯಾ ಮಂತೆನ್ಯ ಎಂಬ ಚಿತ್ರಕಾರರು ಸೆಬಾಸ್ಟಿಯನ್ನರನ್ನು ಮೂರು ಸಲ ಬರೆದರು. ಸುಮಾರು 1480ರಲ್ಲಿ ಬರೆದದ್ದು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಸಂತರನ್ನು ಮುರಿದ ಕಂಬವೊಂದಕ್ಕೆ ಕಟ್ಟಲಾಗಿದೆ. ಅವರ ಪಾದದ ಪಕ್ಕದಲ್ಲೇ ಒಡೆದ ಕಲ್ಲಿನ ವಿಗ್ರಹವೊಂದರ ಪಾದ ಬಿದ್ದಿದೆ. ಚಕ್ರವರ್ತಿಯ ವೈಭವ ಕಲ್ಲಿನ ಚೂರಾಗಿ ನೆಲದಲ್ಲಿದೆ, ಬಾಣ ನಾಟಿದ ಮನುಷ್ಯ ನೆಟ್ಟಗೆ ನಿಂತಿದ್ದಾನೆ. ಕೆಳಗೆ ಮೂಲೆಯಲ್ಲಿ ಬಿಲ್ಲುಗಾರರಿಬ್ಬರ ತಲೆ ಮಾತ್ರ ಕಾಣುತ್ತದೆ. ಕೆಲಸ ಮುಗಿಸಿ ಮನೆಗೆ ಹೊರಟವರಂತೆ ಅವರಿದ್ದಾರೆ.

ಅದೇ ಕಾಲಕ್ಕೆ ವೆನಿಸ್ಸಿನಲ್ಲಿ ಆಂತೊನೆಲ್ಲೊ ದ ಮೆಸ್ಸೀನ ಎಂಬುವರು ಬರೆದ ಸೆಬಾಸ್ಟಿಯನ್ನರ ಚಿತ್ರ ಈಗ ಜರ್ಮನಿಯ ಡ್ರೆಸ್ಡೆನ್ನಿನಲ್ಲಿದೆ. ಸಂತರು ಊರಿನ ಚೌಕದ ನಡುವೆ ನಿಂತಿದ್ದಾರೆ. ಹಿಂದೆ ಇಬ್ಬರು ಮಾತಾಡುತ್ತಾ ನಿಂತಿದ್ದಾರೆ, ಒಬ್ಬ ನೆಲದ ಮೇಲೆ ನಿದ್ದೆ ಮಾಡುತ್ತಿದ್ದಾನೆ, ಮಹಡಿಯ ಮೇಲೆ ಹೆಂಗಸರು ಜಮಖಾನೆ ಹರವಿದ ಕಟ್ಟೆಗೆ ಒರಗಿದ್ದಾರೆ. ಒಬ್ಬರ ಬದುಕು ಕುಸಿದು ಬೀಳುವ ಹೊತ್ತಿಗೇ ಊರಿನ ಸಂತೆ ಎಂದಿನಂತೆ ನಡೆಯುತ್ತದೆ. ಸಾವಿನ ಮನೆಯಿಂದ ಎದ್ದು ಮೊದಲ ಬಾರಿ ಅಂಗಡಿಗೆ ಹೋದವರಿಗೆ ಈ ಚಿತ್ರ ವಿವರಿಸಬೇಕಾಗಿಲ್ಲ.

ಇತರ ರಕ್ತಸಾಕ್ಷಿಗಳನ್ನೂ ಅವರು ಹೀಗೆಯೇ ಬರೆದರು. ರಫಾಯೆಲ್ಲೊ ಸುಮಾರು 1507ರಲ್ಲಿ ಬರೆದ ಅಲೆಕ್ಸಾಂದ್ರಿಯದ ಸಂತ ಕ್ಯಾಥರೀನಮ್ಮನವರ ಚಿತ್ರ ಲಂಡನ್ನಿನಲ್ಲಿದೆ. ಅವರನ್ನು ನುಚ್ಚುನೂರು ಮಾಡಲೆಂದು ತಂದ ಚಕ್ರವೇ ಅವರು ಮೊಣಕೈ ಊರಿ ಒರಗಿ ನಿಲ್ಲುವ ಆಸರೆಯಾಗಿದೆ. ರೋಮಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಮೈಕೆಲೇಂಜೆಲೊ 1536ರಿಂದ 1541ರವರೆಗೆ ಬರೆದ ‘ಅಂತಿಮ ತೀರ್ಪು’ ಚಿತ್ರದಲ್ಲಿ ರಕ್ತಸಾಕ್ಷಿಗಳೆಲ್ಲ ಕ್ರಿಸ್ತನ ಎದುರು ತಮ್ಮ ತಮ್ಮ ಆಯುಧ ಹಿಡಿದು ಬಂದಿದ್ದಾರೆ. ಲಾರೆನ್ಸರ ಬಳಿ ಕಬ್ಬಿಣದ ಸರಳುಗಳ ಜಾಲರಿ, ಕ್ಯಾಥರೀನಮ್ಮನವರ ಬಳಿ ಚಕ್ರ, ಸೆಬಾಸ್ಟಿಯನ್ನರ ಕೈಯಲ್ಲಿ ಬಾಣಗಳ ಕಟ್ಟು. ಸುಲಿದು ಕೊಲ್ಲಲ್ಪಟ್ಟ ಪ್ರೇಷಿತ ಬಾರ್ತಲೋಮಿಯರು ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ತಮ್ಮದೇ ಚರ್ಮ ಹಿಡಿದಿದ್ದಾರೆ. ಆದರೆ ಅವರ ಮೈಮೇಲೆ ಚರ್ಮ ಪೂರ್ತಿಯಾಗಿದೆ!

ಇಲ್ಲಿಯೇ ನಮ್ಮ ಪ್ರಶ್ನೆಗೆ ಬೀಗದ ಕೈ ಸಿಗುತ್ತದೆ. ಈ ಚಿತ್ರಗಳು ನಡೆದ ಘಟನೆಯ ಫೋಟೋಗಳಲ್ಲ. ಎರಡು ಕಾಲಗಳನ್ನು ಅವು ಒಂದೇ ಹಲಗೆಯ ಮೇಲೆ ಬರೆದಿವೆ. ಗಾಯ ಭೂಮಿಯದು, ಮುಖ ಪರಲೋಕದ್ದು. ಬಾಣ ನಾಟಿದ ಆ ಗಳಿಗೆಯಲ್ಲಿ ಸೆಬಾಸ್ಟಿಯನ್ನರು ಹೀಗೆ ಕಂಡರೆಂದು ಚಿತ್ರಕಾರರು ಹೇಳುತ್ತಿಲ್ಲ. ದೇವರ ಬಳಿ ಈಗ ಅವರು ಹೀಗಿದ್ದಾರೆ, ಆದರೂ ಅವರ ಗಾಯಗಳು ಮರೆತುಹೋಗಿಲ್ಲ ಎನ್ನುತ್ತಿದ್ದಾರೆ. ಪುನರುತ್ಥಾನರಾದ ಯೇಸುಸ್ವಾಮಿ ತೋಮನಿಗೆ ಕಾಣಿಸಿಕೊಂಡಾಗಲೂ ಕೈಯ ಗಾಯ, ಪಕ್ಕೆಯ ಗಾಯ ಅಲ್ಲೇ ಇದ್ದವಲ್ಲವೇ? ಅದೇ ವಿಶ್ವಾಸವನ್ನು ಇವರು ಬಣ್ಣದಲ್ಲಿ ಬರೆದರು.

ಆಸ್ಪತ್ರೆಯ ಬಲಿಪೀಠ

ಇದು ನನ್ನ ಊಹೆಯಲ್ಲವೆಂದು ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ಈಗ ಫ್ರಾನ್ಸಿಗೆ ಸೇರಿರುವ ಇಸೆನ್‌ಹೈಮ್ ಎಂಬಲ್ಲಿ ಸಂತ ಅಂತೋಣಿಯವರ ಹೆಸರಿನ ಸನ್ಯಾಸಿಗಳು ಆಸ್ಪತ್ರೆಯೊಂದನ್ನು ನಡೆಸುತ್ತಿದ್ದರು. ಇವರು ನಮ್ಮ ದೋರನಹಳ್ಳಿಯ ಅಂತೋಣಿಯವರಲ್ಲ. ಈಜಿಪ್ಟಿನ ಮರಳುಗಾಡಿನಲ್ಲಿ ತಪಸ್ಸು ಮಾಡಿದ ಹಿರಿಯ ಅಂತೋಣಿಯವರು. ಬೂಷ್ಟು ಹಿಡಿದ ‘ರೈ’ ಧಾನ್ಯದ ರೊಟ್ಟಿ ತಿಂದು ಮೈ ಉರಿದು, ಕೈಕಾಲು ಕೊಳೆಯುವ ಭಯಂಕರ ರೋಗಕ್ಕೆ ಅಲ್ಲಿ ಆರೈಕೆ ನಡೆಯುತ್ತಿತ್ತು. ಆ ಆಸ್ಪತ್ರೆಯ ದೇವಾಲಯಕ್ಕೆ ಗ್ರೂನೆವಾಲ್ಡ್ ಎಂಬ ಜರ್ಮನ್ ಚಿತ್ರಕಾರರು 1512ರಿಂದ 1516ರ ನಡುವೆ ದೊಡ್ಡದೊಂದು ಬಲಿಪೀಠದ ಚಿತ್ರ ಬರೆದುಕೊಟ್ಟರು. ಇಂದು ಅದು ಕೊಲ್ಮಾರ್ ಪಟ್ಟಣದಲ್ಲಿದೆ.

ಅದರ ಒಂದು ಪಕ್ಕದಲ್ಲಿ ಸೆಬಾಸ್ಟಿಯನ್ನರಿದ್ದಾರೆ. ಮೈಯಲ್ಲಿ ಬಾಣಗಳಿವೆ, ಮುಖ ಶಾಂತವಾಗಿದೆ. ಆದರೆ ನಡುವೆ ಶಿಲುಬೆಯ ಮೇಲೆ ಯೇಸುಸ್ವಾಮಿ ಹೇಗಿದ್ದಾರೆ? ಬೆರಳುಗಳು ಸೆಟೆದಿವೆ, ಚರ್ಮ ಹಸಿರುಗಟ್ಟಿದೆ, ಮೈ ತುಂಬ ಹುಣ್ಣು. ತಲೆ ಎದೆಗೆ ಕುಸಿದಿದೆ. ಪಕ್ಕದಲ್ಲಿ ಮಾತೆ ಮರಿಯಮ್ಮನವರು ಬಿಳುಚಿಕೊಂಡು ಹಿಂದಕ್ಕೆ ಬೀಳುತ್ತಿದ್ದಾರೆ, ಯೊವಾನ್ನರು ಅವರನ್ನು ತಾಂಗಿ ಹಿಡಿದಿದ್ದಾರೆ. ತಮ್ಮ ಮೈಯನ್ನೇ ನೋಡಿಕೊಳ್ಳಲು ಹೇಸುತ್ತಿದ್ದ ರೋಗಿಗಳು ಆ ಚಿತ್ರದ ಮುಂದೆ ಪ್ರಾರ್ಥಿಸುತ್ತಿದ್ದರು. ಅವರು ಅಲ್ಲಿ ಕಂಡದ್ದು ತಮ್ಮಂತೆಯೇ ಹುಣ್ಣಾದ ದೇವರನ್ನು.

ಅಂದರೆ ಆ ಚಿತ್ರಕಾರರಿಗೆ ನೋವು ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಸಂಕಟವನ್ನೆಲ್ಲ ಅವರು ಕ್ರಿಸ್ತನ ಮೈಮೇಲೆ ಬರೆದರು. ಸಂತನ ಶಾಂತಿ ಸಂತನ ಸ್ವಂತ ಗಟ್ಟಿತನವಲ್ಲ; ಅವನ ನೋವನ್ನು ಹೊತ್ತವರೊಬ್ಬರು ನಡುವೆ ಶಿಲುಬೆಯ ಮೇಲಿದ್ದಾರೆ. ನಮ್ಮ ಪಟಗಳ ಕಷ್ಟವೇನೆಂದರೆ, ಅಂಗಡಿಯವರು ಪಕ್ಕದ ಸಂತನನ್ನು ಮಾತ್ರ ಬೇರೆಯಾಗಿ ಅಚ್ಚು ಹಾಕಿ ಮಾರುತ್ತಾರೆ. ನಡುವಿನ ಶಿಲುಬೆಯಿಂದ ಕತ್ತರಿಸಿದ ಸೆಬಾಸ್ಟಿಯನ್ನರು ಒಂಟಿಯಾಗಿ ನಿಂತಾಗ, ನೋವೇ ಆಗದ ವೀರನಂತೆ ಕಾಣುತ್ತಾರೆ.

ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ ಕಳವಳಪಟ್ಟರು. ಲಾಜರನ ಸಮಾಧಿಯ ಬಳಿ ಕಣ್ಣೀರಿಟ್ಟರು. ಶಿಲುಬೆಯ ಮೇಲೆ ಕೂಗಿಕೊಂಡರು. ಅಳುವುದು ಅವಿಶ್ವಾಸವಾದರೆ ಮೊದಲು ಯಾರನ್ನು ದೂರಬೇಕು?

ನಮ್ಮ ನಾಡಿನ ರಕ್ತಸಾಕ್ಷಿಗಳ ರೂಪಗಳು

ಇಟಲಿಯ ಈ ರೂಢಿ ನಮ್ಮ ನಾಡಿಗೂ ಬಂದಿದೆ. ಮೈಸೂರಿಗೆ ಹೋದಾಗ ನಾವೆಲ್ಲ ನೋಡುವ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರು 1926ರಲ್ಲಿ ಪಡೆದ ಸಂತಳ ಪವಿತ್ರ ಅವಶೇಷ ಅಲ್ಲಿದೆ. ಪ್ರಧಾನ ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದರೆ ಫಿಲೋಮಿನಮ್ಮನವರ ಮಲಗಿದ ಪ್ರತಿಮೆ ಕಾಣುತ್ತದೆ. ರಕ್ತಸಾಕ್ಷಿಯನ್ನು ಹೀಗೆ ಮಲಗಿದ ರೂಪದಲ್ಲಿ ತೋರಿಸುವ ಪದ್ಧತಿಗೆ ಹೆಸರಾದ ಹಳೆಯ ಮಾದರಿ ರೋಮಿನಲ್ಲಿದೆ. 1599ರಲ್ಲಿ ಸಂತ ಸಿಸಿಲಿಯಾ ಅವರ ಸಮಾಧಿ ತೆರೆದಾಗ ಕಂಡ ಭಂಗಿಯಲ್ಲಿ ಸ್ತೆಫಾನೊ ಮದೆರ್ನೊ ಎಂಬ ಶಿಲ್ಪಿ 1600ರಲ್ಲಿ ಅಮೃತಶಿಲೆಯ ಪ್ರತಿಮೆ ಕೆತ್ತಿದರು. ಅದರಲ್ಲಿ ಮುಖ ಅತ್ತ ತಿರುಗಿದೆ, ಕತ್ತಿನ ಮೇಲೆ ಕತ್ತಿಯ ಗೀರು ಮಾತ್ರ ಕಾಣುತ್ತದೆ.

ಫಿಲೋಮಿನಮ್ಮನವರ ಚಿತ್ರಗಳಲ್ಲಿ ಲಂಗರು, ಬಾಣ, ಗರಿ ಇರುವುದನ್ನು ನೀವು ಗಮನಿಸಿರಬಹುದು. 1802ರಲ್ಲಿ ರೋಮಿನ ಪ್ರಿಸಿಲ್ಲಾ ಸಮಾಧಿ ಸುರಂಗದಲ್ಲಿ ದೊರೆತ ಗೋರಿಯ ಹಂಚುಗಳ ಮೇಲೆ ಆ ಗುರುತುಗಳಿದ್ದವು. ಅವುಗಳನ್ನೇ ಆಧಾರವಾಗಿಟ್ಟುಕೊಂಡು ಅವರನ್ನು ರಕ್ತಸಾಕ್ಷಿಯೆಂದು ಗೌರವಿಸಲಾಯಿತು. ಆ ಹಂಚುಗಳು ಬೇರೊಂದು ಗೋರಿಯಿಂದ ಬಂದಿರಬಹುದೆಂದು ಪುರಾತತ್ವಜ್ಞರು ಮುಂದೆ ವಾದಿಸಿದರು. ಚರಿತ್ರೆಯ ಆಧಾರ ಸಾಲದೆಂಬ ಕಾರಣದಿಂದ 1961ರಲ್ಲಿ ವ್ಯಾಟಿಕನ್ ಅವರ ಹೆಸರನ್ನು ಆರಾಧನಾ ದಿನದರ್ಶಿಗಳಿಂದ ತೆಗೆಯಿತು. ಇದರಿಂದ ನಾವು ಅಂಜಬೇಕಾಗಿಲ್ಲ. ಗೊತ್ತಿರುವುದನ್ನು ಗೊತ್ತಿದೆಯೆಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳುವುದು ಸಾಕ್ಷಿಯ ಮೊದಲ ಗುಣ.

ಮಂಗಳೂರಿಗೆ ಹೋದವರು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ತಪ್ಪದೆ ನೋಡಬೇಕು. ಇಟಲಿಯ ಬೆರ್ಗಾಮೊ ಕಡೆಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ ಸುಮಾರು ಎರಡು ವರ್ಷ ದುಡಿದು ಅದರ ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿದರು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ, ಮೈಕೆಲೇಂಜೆಲೊ ಕಾಲದ ವಿಧಾನ ಅವರಿಗೆ ಕರಗತವಾಗಿತ್ತು. ಮಾಡಿನ ಇಳಿಜಾರಿನಲ್ಲಿ ಪ್ರೇಷಿತರಿದ್ದಾರೆ. ಯಾರು ಹೇಗೆ ಪ್ರಾಣ ತೆತ್ತರೆಂಬ ಗುರುತು ಅವರವರ ಬಳಿಯಲ್ಲೇ ಇದೆ. ಮೊಸ್ಕೇನಿಯವರು ತಮ್ಮ ಊರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಅದೇ ಪ್ರಾರ್ಥನಾಲಯದಲ್ಲಿ ಅಲೋಶಿಯಸರು ಪ್ಲೇಗು ರೋಗಿಗಳ ಸೇವೆ ಮಾಡುವ ಚಿತ್ರವೂ ಇದೆ. ಅವರನ್ನು ಯಾರೂ ಕತ್ತಿಯಿಂದ ಕೊಲ್ಲಲಿಲ್ಲ. 1591ರಲ್ಲಿ ರೋಮಿನಲ್ಲಿ ರೋಗ ಹಬ್ಬಿದಾಗ ಬೀದಿಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿ ಆರೈಕೆ ಮಾಡುತ್ತಾ ಸೋಂಕು ತಗುಲಿ, 23ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ಲೇಗಿನ ಬಾಣ ತಪ್ಪಿಸಲು ಜನ ಸೆಬಾಸ್ಟಿಯನ್ನರನ್ನು ಬೇಡುತ್ತಿದ್ದ ಕಾಲದಲ್ಲಿ ಈ ಯುವಕ ಬಾಣ ಬಿದ್ದವರ ಬಳಿಗೆ ತಾನೇ ನಡೆದು ಹೋದ.

ಪಟದಲ್ಲಿ ಕಾಣದ ಹೆಂಗಸು

ಈಗ ನಾನು ಆ ತಾಯಿಗೆ ಹೇಳಲು ಮರೆತ ಮುಖ್ಯ ಸಂಗತಿಗೆ ಬರುತ್ತೇನೆ. ಸೆಬಾಸ್ಟಿಯನ್ನರು ಬಾಣಗಳಿಂದ ಸಾಯಲಿಲ್ಲ!

ಬಿಲ್ಲುಗಾರರು ಸತ್ತನೆಂದು ಬಿಟ್ಟುಹೋದ ಮೇಲೆ, ರಾತ್ರಿ ಐರೀನ್ ಎಂಬ ಹೆಂಗಸು ಶವವನ್ನು ಮಣ್ಣು ಮಾಡಲೆಂದು ಬಂದಳು ಎನ್ನುತ್ತದೆ ಹಳೆಯ ಕಥೆ. ಅವಳು ವಿಧವೆ. ಅವಳ ಗಂಡ ಕಾಸ್ಟುಲಸನನ್ನು ವಿಶ್ವಾಸದ ಕಾರಣಕ್ಕೆ ಆಗಲೇ ಕೊಂದಿದ್ದರು. ಬಂದು ನೋಡಿದರೆ ಸೆಬಾಸ್ಟಿಯನ್ನರಿಗೆ ಇನ್ನೂ ಉಸಿರಿತ್ತು. ಅವಳು ಅವರನ್ನು ತನ್ನ ಮನೆಗೆ ಕರೆದೊಯ್ದು ಗಾಯ ಮಾಯುವವರೆಗೆ ಆರೈಕೆ ಮಾಡಿದಳು. ಚೇತರಿಸಿಕೊಂಡ ಮೇಲೆ ಅವರು ಓಡಿಹೋಗಲಿಲ್ಲ. ಚಕ್ರವರ್ತಿ ಬರುವ ದಾರಿಯಲ್ಲಿ ನಿಂತು ಅವನ ಅನ್ಯಾಯವನ್ನು ಮುಖಕ್ಕೆ ಹೇಳಿದರು. ಆಗ ಅವನು ಅವರನ್ನು ದೊಣ್ಣೆಗಳಿಂದ ಹೊಡೆಸಿ ಕೊಲ್ಲಿಸಿದ.

ಈ ಹೆಂಗಸನ್ನು ಚಿತ್ರಕಾರರು ಪೂರ್ತಿ ಮರೆತಿರಲಿಲ್ಲ. 1497ರಲ್ಲಿ ಫ್ರಾನ್ಸಿನ ಮಾರ್ಸೇ ಪಟ್ಟಣದ ಸೆಬಾಸ್ಟಿಯನ್ನರ ಭಕ್ತ ಸಂಘದವರು ಜೋಸ್ ಲಿಫೆರಾಂಕ್ಸ್ ಎಂಬುವರ ಚಿತ್ರಶಾಲೆಯಿಂದ ಸಂತರ ಇಡೀ ಜೀವನವನ್ನು ಬರೆಸಿದರು. ಅದರ ಒಂದು ಹಲಗೆಯಲ್ಲಿ ಐರೀನಮ್ಮ ಗಾಯಗಳ ಆರೈಕೆ ಮಾಡುತ್ತಾಳೆ. ಇನ್ನೊಂದರಲ್ಲಿ ಪ್ಲೇಗು ಬಡಿದ ಊರು: ಹೆಣ ಹೂಳಲು ಬಂದವನೇ ರೋಗ ತಗುಲಿ ಕುಸಿಯುತ್ತಿದ್ದಾನೆ, ಮೇಲೆ ಆಕಾಶದಲ್ಲಿ ಸೆಬಾಸ್ಟಿಯನ್ನರು ಮೈಮೇಲಿನ ಬಾಣಗಳೊಂದಿಗೇ ದೇವರ ಮುಂದೆ ಮೊಣಕಾಲೂರಿ ಆ ಊರಿಗಾಗಿ ಬೇಡುತ್ತಿದ್ದಾರೆ. ಗಾಯಗೊಂಡವನು ಗಾಯಗೊಂಡವರಿಗಾಗಿ ಬೇಡುತ್ತಾನೆ. ಹದಿನೇಳನೇ ಶತಮಾನದಲ್ಲಿ ತೆರ್ ಬ್ರೂಗೆನ್, ಜಾರ್ಜ್ ದ ಲಾ ತೂರ್ ಮುಂತಾದವರು ಐರೀನಳನ್ನೇ ಚಿತ್ರದ ಮುಂಭಾಗಕ್ಕೆ ತಂದರು. ಅಲ್ಲಿ ಬಿಲ್ಲುಗಾರರಿಲ್ಲ. ಬೆಳಕು ಹಿಡಿದ ಹೆಂಗಸರು, ಬಾಣ ಕೀಳುವ ಮೆತ್ತಗಿನ ಕೈ, ಅಷ್ಟೇ.

ನಾವು ಸಾಮಾನ್ಯವಾಗಿ ಬಾಣಗಳನ್ನು ಎಣಿಸುತ್ತೇವೆ. ಅವುಗಳನ್ನು ಕಿತ್ತವರು ಯಾರೆಂದು ಕೇಳುವುದಿಲ್ಲ. ಐರೀನಳ ಕೈ ಇಲ್ಲದಿದ್ದರೆ ಸೆಬಾಸ್ಟಿಯನ್ನರ ಎರಡನೆಯ ಸಾಕ್ಷ್ಯವೇ ಇರುತ್ತಿರಲಿಲ್ಲ. ಆಕೆಯೂ ಅತ್ತಿರಬೇಕು, ಗಂಡನನ್ನು ಕಳೆದುಕೊಂಡವಳಲ್ಲವೇ? ಅತ್ತ ಕಣ್ಣಲ್ಲೇ ದೀಪ ಹಿಡಿದು ಬಂದಳು.

ಮನೆಯ ಪಟವನ್ನು ನೋಡುವುದು ಹೇಗೆ?

ಪ್ರಿಯರೇ, 1563ರ ಡಿಸೆಂಬರಿನಲ್ಲಿ ತ್ರೆಂತ್ ಮಹಾಸಭೆ ಪಟ, ಪ್ರತಿಮೆಗಳ ಬಗ್ಗೆ ಸ್ಪಷ್ಟವಾಗಿ ಬೋಧಿಸಿತು. ಪಟದೊಳಗೆ ಶಕ್ತಿಯಿದೆಯೆಂದು ನಂಬಿ ನಾವು ಅದನ್ನು ಗೌರವಿಸುವುದಿಲ್ಲ. ಗೌರವ ಸಲ್ಲುವುದು ಪಟದಲ್ಲಿರುವ ವ್ಯಕ್ತಿಗೆ. ಚಿತ್ರಗಳು ಜನರಿಗೆ ವಿಶ್ವಾಸವನ್ನು ಕಲಿಸಬೇಕು, ತಪ್ಪು ಕಲ್ಪನೆ ಹುಟ್ಟಿಸಬಾರದು ಎಂದೂ ಸಭೆ ಎಚ್ಚರಿಸಿತು. ಸೆಬಾಸ್ಟಿಯನ್ನರ ಪಟ ನೋಡಿ ಒಬ್ಬ ವಿಧವೆಗೆ ತನ್ನ ಕಣ್ಣೀರು ಪಾಪವೆನಿಸಿದರೆ, ಆ ಪಟವನ್ನು ವಿವರಿಸಿ ಹೇಳದ ನಮ್ಮ ಮೇಲೆ ತಪ್ಪಿದೆ.

ಆದ್ದರಿಂದ ಈ ಹಬ್ಬದ ದಿನ ಮನೆಯಲ್ಲಿ ಮೂರು ಕೆಲಸ ಮಾಡಿ. ಮೊದಲನೆಯದಾಗಿ, ಮಕ್ಕಳನ್ನು ಕೂರಿಸಿಕೊಂಡು ಪಟದಲ್ಲಿರುವ ಗುರುತುಗಳನ್ನು ಓದಿಸಿ. ಗರಿ ಹಿಡಿದವರೆಲ್ಲ ರಕ್ತಸಾಕ್ಷಿಗಳು. ಗರಿಗಳ ಭಾನುವಾರ ನಾವು ಹಿಡಿಯುವಂಥದೇ ಗರಿ ಅದು, ಜಯದ ಗುರುತು. ಕಲ್ಲುಗಳಿದ್ದರೆ ಸ್ತೇಫನರು, ಜಾಲರಿಯಿದ್ದರೆ ಲಾರೆನ್ಸರು, ಚಕ್ರವಿದ್ದರೆ ಕ್ಯಾಥರೀನಮ್ಮನವರು. ಅಂತೋಣಿಯವರ ಕೈಯಲ್ಲಿ ಲಿಲಿ ಹೂವೂ ಬಾಲ ಯೇಸುವೂ ಇರುತ್ತಾರೆ, ಆಯುಧವಿಲ್ಲ. ಆದರೆ 1220ರಲ್ಲಿ ಮೊರಾಕ್ಕೊ ದೇಶದಲ್ಲಿ ಪ್ರಾಣ ತೆತ್ತ ಐವರು ಫ್ರಾನ್ಸಿಸ್ಕನ್ ಸಹೋದರರ ಅವಶೇಷಗಳು ಪೋರ್ಚುಗಲ್ಲಿಗೆ ಬಂದದ್ದೇ ಅವರನ್ನು ಆ ಸಭೆಗೆ ಸೆಳೆದದ್ದು ಎಂದು ಮಕ್ಕಳಿಗೆ ಹೇಳಿ. ಎರಡನೆಯದಾಗಿ, ಸೆಬಾಸ್ಟಿಯನ್ನರ ಪಟವನ್ನು ಶಿಲುಬೆಯ ಪಕ್ಕಕ್ಕೆ ತೂಗುಹಾಕಿ. ಅವರು ಇರಬೇಕಾದ ಜಾಗ ಅದೇ. ಮೂರನೆಯದಾಗಿ, ನಿಮ್ಮ ಬೀದಿಯಲ್ಲಿ ಬಾಣ ನಾಟಿದವರು ಯಾರೆಂದು ನೆನೆಸಿಕೊಂಡು ಸಂಜೆ ಆ ಮನೆಗೆ ಹೋಗಿ ಬನ್ನಿ. ಉಪದೇಶ ಬೇಡ, ಸ್ವಲ್ಪ ಹೊತ್ತು ಕೂತು ಬಂದರೆ ಸಾಕು.

ಈ ವರ್ಷ ಆಶೀರ್ವಾದಕ್ಕೆ ಹೋದಾಗ ಆ ತಾಯಿಯ ಮನೆಗೆ ಮೊದಲು ಹೋದೆ. ಹೋದ ವರ್ಷದ ನನ್ನ ಉತ್ತರ ಸರಿಯಿರಲಿಲ್ಲವೆಂದು ಒಪ್ಪಿಕೊಂಡು ಐರೀನಮ್ಮನ ಕಥೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: “ನಮ್ಮನೆಯವ್ರು ತೀರ್ಕಂಡಾಗ ಪಕ್ಕದ್ ಮನೆ ಅಕ್ಕ ಮೂರು ತಿಂಗ್ಳು ನನ್ ಜೊತೇಲೇ ಬಂದ್ ಮಲೀಕತಿದ್ರು ಸ್ವಾಮಿ. ಅವ್ರು ನಮ್ ಸಭೆಯೋರಲ್ಲ. ದಿನಾ ರಾತ್ರಿ ಲಾಟೀನು ಹಿಡ್ಕಂಡು ಬರೋರು.”

ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ. ಪಟಕ್ಕೆ ಕೈಮುಗಿದು, ಆ ಮನೆಯನ್ನೂ ಪಕ್ಕದ ಮನೆಯನ್ನೂ ಆಶೀರ್ವದಿಸಿ ಬಂದೆ.

ನಮ್ಮ ಗಾಯಗಳನ್ನು ತಮ್ಮ ಗಾಯಗಳಲ್ಲಿ ಹೊತ್ತ ಪ್ರಭು ಕ್ರಿಸ್ತರು ಅಳುವವರೆಲ್ಲರ ಹತ್ತಿರವಿರಲಿ. ಬಾಣ ಕೀಳುವ ಕೈಗಳನ್ನು ನಮಗೂ ಕರುಣಿಸಲಿ.

ಸಂತ ಸೆಬಾಸ್ಟಿಯನ್ನರೇ, ನಮಗಾಗಿ ಪ್ರಾರ್ಥಿಸಿರಿ.